ಬೆಳ್ಳಿ ಪಾಲಿನ ಮದ್ದು

ಬೆಳ್ಳಿಯ ಗಾಯ ಕೀವು ಕಟ್ಟಿದೆ ಎಂಬ ಸುದ್ದಿ ದೀಪಶ್ರೀಗೆ ಮನೆಯಿಂದ ಬರಲಿಲ್ಲ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜಿನ ಗೆಳತಿ ರೋಜಾಳ ಜೊತೆ ಚುರುಮುರಿ ತಿನ್ನುತ್ತ ನಿಂತಿದ್ದಾಗ, ಊರಿನ ಡೈರಿಯವರ ವಾಟ್ಸಾಪ್ ಗುಂಪಿನಿಂದ ಬಂತು. ಫೋನಿನ ಪರದೆ ತುಂಬ ಒಂದು ಹಸುವಿನ ಎಡಗಡೆಯ ಹೊಟ್ಟೆ. ಹೊಲಿಗೆಯ ಸುತ್ತ ಊದಿ ಕೆಂಪಾದ ಚರ್ಮ, ಕೆಳಗೆ ಸೋರಿದ ಹಳದಿ ಕೀವು, ಅಂಚಿನಲ್ಲಿ ಬಾಲ ಎತ್ತಿ ಹಿಡಿದ ಉಂಗುರದ ಕೈ. ಅದರಡಿಯಲ್ಲಿ ನೆರೆಮನೆಯ ಮಹದೇವಪ್ರಸಾದ್ ಬರೆದಿದ್ದರು: 'ನಮ್ಮೂರ ಗುರುಪಾದಸ್ವಾಮಿಯವರ ಹಸುವಿಗೆ ಲೇಡಿ ಡಾಕ್ಟರ್ ಮಾಡಿದ ಆಪರೇಷನ್ನಿನ ಫಲ. ರೈತ ಬಾಂಧವರೇ ಎಚ್ಚರ!' ಆಮೇಲೆ ಸಾಲಾಗಿ ಕೈ ಮುಗಿದ ಗೊಂಬೆಗಳು.

"ಏನೇ, ಕಣ್ಣಲ್ಲಿ ನೀರು? ಖಾರ ಜಾಸ್ತಿ ಆಯ್ತಾ?" ಎಂದಳು ರೋಜಾ.

"ಖಾರ ಅಲ್ಲ ಕಣೇ. ಕ್ವಾಪ."

ಕೋಪಕ್ಕೆ ಕಾರಣ ಒಂದಾಗಿದ್ದರೆ ನುಂಗಿಕೊಳ್ಳಬಹುದಿತ್ತು. ಮೊದಲನೆಯದಾಗಿ ಬೆಳ್ಳಿ ಗುರುಪಾದಸ್ವಾಮಿಯವರ ಹಸುವೇ ಅಲ್ಲ. ಹುಟ್ಟಿದ ವಾರದಲ್ಲೇ ಹಾವು ಕಚ್ಚಿ ತಾಯಿಯನ್ನು ಕಳೆದುಕೊಂಡ ಆ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿ, ಚಳಿಗೆ ತನ್ನ ಹಳೆಯ ಸ್ವೆಟರ್ ಕಟ್ಟಿ, ಹೈಸ್ಕೂಲಿನ ಎರಡು ವರ್ಷ ಅದರ ಹಿಂದೆ ಮುಂದೆ ಓಡಾಡಿ ಸಾಕಿದವಳು ದೀಪಶ್ರೀ. ಮನೆಯ ಹಿರಿಯರು ದೊಡ್ಡಪ್ಪ ಎಂಬ ಒಂದೇ ಕಾರಣಕ್ಕೆ ಮನೆಯ ಎಮ್ಮೆ, ಹಸು, ಕೋಳಿ, ಕೊನೆಗೆ ಬಾವಿಯ ಕಪ್ಪೆ ಕೂಡ ಗುರುಪಾದಸ್ವಾಮಿಯವರದಾಗುತ್ತಿತ್ತು. ಎರಡನೆಯದಾಗಿ, ಇಷ್ಟು ಧೈರ್ಯವಾಗಿ ಎಚ್ಚರಿಕೆ ಬರೆದ ಮಹದೇವಪ್ರಸಾದ್, ಆಪರೇಷನ್ ದಿನ ಹಗ್ಗ ಹಿಡಿಯಲು ಬಂದು ರಕ್ತ ಕಂಡೊಡನೆ ಕಣ್ಣು ತಿರುಗಿ ಹಿಂಡಿ ಮೂಟೆಯ ಮೇಲೆ ಕುಕ್ಕರಿಸಿದ್ದವರು. ಎಬ್ಬಿಸಿ ನೀರು ಕುಡಿಸಿದ್ದು ದೀಪಶ್ರೀಯೇ.

ಎಲ್ಲಕ್ಕಿಂತ ದೊಡ್ಡ ಕಾರಣ ಆ ಫೋಟೋದೊಳಗೇ ಇತ್ತು. ಗಾಯದತ್ತ ಹೊರಳಿಸಿದ್ದ ಬೆಳ್ಳಿಯ ಮೂತಿ ಒಣಗಿತ್ತು. ಹಸು ಸಾಕಿದವರಿಗೆ ಅದೊಂದು ಕಂಡರೆ ಸಾಕು, ಜ್ವರ ಏರಿದೆಯೆಂದು ತಿಳಿಯುತ್ತದೆ.

ಬಸ್ಸು ಮಧುವನಹಳ್ಳಿಯ ಕಡೆ ತಿರುಗುವಾಗ ಅವಳಿಗೆ ಆಪರೇಷನ್ನಿನ ದಿನವೆಲ್ಲ ಕಣ್ಣೆದುರು ಬಂತು. ಕರು ಒಳಗೇ ಕತ್ತು ತಿರುಚಿಕೊಂಡು ಕೂತಿತ್ತು. ದನದ ಡಾಕ್ಟರ್ ಪವಿತ್ರ ಮೇಡಂ ಬಂದು, ತೋಳುದ್ದ ಕೈ ಹಾಕಿ ಪ್ರಯತ್ನಿಸಿ ನೋಡಿ, ಕೊನೆಗೆ "ಕುಯ್ದೇ ತೆಗೀಬೇಕು" ಎಂದಿದ್ದರು. ಬೆಳ್ಳಿ ನಿಂತಂತೆಯೇ ಎಡಪಕ್ಕೆ ಮರಗಟ್ಟಿಸಿ, ಕೂದಲು ಬೋಳಿಸಿ, ತೊಳೆದು ತೊಳೆದು ಆಮೇಲೆ ಕತ್ತರಿ ಹಾಕಿದ್ದರು. ಒದ್ದೆಯಾದ, ಉಸಿರಾಡುವ, ಹಣೆಯ ಮೇಲೆ ಬಿಳಿ ನಾಮದ ಹೆಣ್ಣು ಕರು ಹೊರಬಂದಾಗ ಅಜ್ಜಿ ಚನ್ನಮಲ್ಲಮ್ಮ "ನನ್ನಪ್ಪ ಮಾದಪ್ಪಾ" ಎಂದು ಕೊಟ್ಟಿಗೆಯಲ್ಲೇ ಅಡ್ಡಬಿದ್ದಿದ್ದರು. ಹೊಲಿಗೆ ಮುಗಿಸಿದ ಮೇಡಂ, ಪುಡಿ ತುಂಬಿದ ಗಾಜಿನ ಬಾಟಲಿಗಳ ಪೆಟ್ಟಿಗೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಹೇಳಿದ್ದರು:

"ಇದು ದನದ ಕೊಟ್ಟಿಗೆ, ಎಷ್ಟೇ ತೊಳೆದ್ರೂ ಒಂದಿಷ್ಟು ಕ್ರಿಮಿ ಒಳಗೆ ಹೋಗಿರ್ತವೆ. ಅವನ್ನ ಕೊಲ್ಲೋದು ಈ ಮದ್ದು. ಗಾಯ ಒಣಗ್ತು, ಹಸು ಮೇಯ್ತಾ ಇದೆ ಅಂತ ನಡುವೆ ನಿಲ್ಲಿಸ್ಬೇಡಿ. ಬಾಟ್ಲಿ ಮುಗಿಯೋವರೆಗೂ ದಿನಾ ಬೀಳ್ಬೇಕು. ಗಾಯಕ್ಕೆ ಬೂದಿ, ಅರಿಶಿನ, ಸಗಣಿ ಏನೂ ಮೆತ್ತಬೇಡಿ. ಹಾಲನ್ನ ನಾನು ಹೇಳೋವರೆಗೂ ಡೈರಿಗೆ ಹಾಕ್ಬೇಡಿ."

ಮೊದಮೊದಲು ಆಸ್ಪತ್ರೆಯ ಕಾಂಪೌಂಡರ್ ಬಂದು ಚುಚ್ಚಿ ಹೋದರು. ಆಮೇಲೆ ಅವರು ಕಾಲುಬಾಯಿ ಜ್ವರದ ಲಸಿಕೆ ಹಾಕಲು ರಾಮಾಪುರದ ಕಡೆ ಹೋಗಬೇಕಾಯಿತು. "ಮಿಕ್ಕಿದ್ದ ನಾನು ಆಕ್ತೀನಿ ಬುಡಿ ಸಾ, ನನ್ಗೇನು ಒಸದಾ?" ಎಂದು ದೊಡ್ಡಪ್ಪ ಮುಂದೆ ಬಂದರು. ಹೊಸದಲ್ಲ, ನಿಜ. ಊರಿನ ಅರ್ಧ ದನಗಳಿಗೆ ಸೂಜಿ ಚುಚ್ಚಿದ ಕೈ ಅದು. ದೀಪಶ್ರೀಗೆ ಪರೀಕ್ಷೆ ಇತ್ತು. ದಿನಾ ಸಂಜೆ ಕೇಳುತ್ತಿದ್ದಳು, ದಿನಾ ಸಂಜೆ "ಆಕ್ದೆ ಕಣವ್ವ" ಎಂಬ ಉತ್ತರ ಸಿಗುತ್ತಿತ್ತು.

ಮನೆಗೆ ಬಂದರೆ ಕೊಟ್ಟಿಗೆಯ ತುಂಬ ಜನ. ಬೆಳ್ಳಿ ಕತ್ತು ಚಾಚಿ ಮಲಗಿತ್ತು. ಗೊಂತಿನ ಹುಲ್ಲು ಮುಟ್ಟಿರಲಿಲ್ಲ. ಹೊಲಿಗೆಯ ಮೇಲೆ ಬೂದಿ ಮೆತ್ತಿತ್ತು. ವಾಸನೆ ಬಾಗಿಲಿಗೇ ಬಡಿಯುತ್ತಿತ್ತು. ಆ ಕಡೆ ಕಂಬಕ್ಕೆ ಕಟ್ಟಿದ್ದ ನಾಮದ ಕರು ತಾಯಿಯತ್ತ ಎಳೆದಾಡುತ್ತಿತ್ತು.

"ಮುತ್ತಯ್ಯುಂಗೆ ಫೋನ್ ಮಾಡಿವ್ನಿ," ಎಂದರು ದೊಡ್ಡಪ್ಪ ಯಾರನ್ನೂ ನೋಡದೆ. "ಲೊಕ್ಕನಳ್ಳಿಯಿಂದ ಬಸ್ ಅತ್ತವ್ನೆ. ಬಂದು ಎಲ್ಡು ಬರೆ ಎಳುದ್ರೆ ಕೀವು ತಾನಾಗೆ ಬತ್ತಿ ಓಯ್ತದೆ."

"ಒಲ್ಗೆ ಆಕಿರ ಒಟ್ಟೆ ಮೇಲೆ ಕಾದ ಕಬ್ಬುಣ್ವಾ ದೊಡ್ಡಪ್ಪ?" ದೀಪಶ್ರೀಯ ದನಿ ತಾರಕಕ್ಕೇರಿತು. "ಮೇಡಮ್ಮೋರಿಗೆ ಯಾಕ್ ಫೋನ್ ಮಾಡ್ಲಿಲ್ಲ?"

"ಇನ್ನೂ ಅವ್ರುನ್ನ ಕರೀಬೇಕಾ? ಮಾಡಿರದು ಸಾಲ್ದಾ?" ಮಹದೇವಪ್ರಸಾದ್ ಮೀಸೆ ತಿರುವಿದರು. "ನೀನು ಓದೋ ಉಡ್ಗಿ, ಸುಮ್ನಿರವ್ವ. ಎಣ್ಣೆಂಗ್ಸ್ರ ಕೈಗೆ ಕತ್ರಿ ಕೊಟ್ರೆ ಇಂಗೇ ಆಗದು."

"ಓದ್ವರ್ಸ ನಿಮ್ಮೆಮ್ಮೆ ಕೆಚ್ಚಲು ಕಲ್ಲಾದಾಗ ಯಾರ್ ಮುಂದೆ ಕೈ ಮುಗ್ದ್ರಿ ಮಾಮ? ಆವಾಗೇನು ಮೇಡಮ್ಮೋರು ಗಂಡಸಾಗಿದ್ರಾ?"

ಹಿಂದೆ ನಿಂತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಮಹದೇವಪ್ರಸಾದ್ ಮೀಸೆ ಬಿಟ್ಟು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. ದೀಪಶ್ರೀಯ ಅಪ್ಪ ಉದಯಕುಮಾರ್ ಮಾತ್ರ ಗೋಡೆಗೊರಗಿ ಉಗುರು ಕಚ್ಚುತ್ತಿದ್ದರು. ಅಣ್ಣನ ಮಾತಿಗೆ ಎದುರಾಡಿ ಗೊತ್ತಿಲ್ಲದ ಮನುಷ್ಯ ಅವರು.

ಅವಳು ಯಾರನ್ನೂ ಕೇಳಲಿಲ್ಲ. ಹಿತ್ತಲಿಗೆ ಹೋಗಿ ಫೋನ್ ಹಚ್ಚಿದಳು.

"ಮೇಡಂ, ಬೆಳ್ಳಿ ಮೇಲೇಳ್ತಾ ಇಲ್ಲ. ಮೂತಿ ಒಣಗಿದೆ, ಕಿವಿ ಸುಡ್ತಿದೆ, ಹೊಲಿಗೆಯಿಂದ ಕೀವು ಬರ್ತಿದೆ."

"ಫೋಟೋ ನಾನೂ ನೋಡಿದೆ," ಎಂದರು ಪವಿತ್ರ. ಯಳಂದೂರಿನವರ ಆ ಮೆತ್ತನೆ ದನಿಯಲ್ಲಿ ಈಗ ಕಲ್ಲು ಕಚ್ಚಿದ ಹಾಗಿತ್ತು. "ಎಲ್ಲರ ಫೋನಿಗೂ ಬಂದಿದೆ, ನನಗೆ ಮಾತ್ರ ಯಾರೂ ಹೇಳ್ಲಿಲ್ಲ. ಇರ್ಲಿ. ಹನೂರಿನಲ್ಲಿದ್ದೀನಿ, ಈಗ್ಲೇ ಹೊರಡ್ತೀನಿ. ಅಷ್ಟ್ರೊಳಗೆ ಖಾಲಿ ಬಾಟ್ಲಿಗಳನ್ನ ಹುಡುಕಿ ಫೋಟೋ ಕಳ್ಸು. ಅಷ್ಟೂ ಮದ್ದು ಮೈಗೆ ಹೋಗಿಯೂ ಹಿಂಗಾಗಿದ್ರೆ ಒಂದು ದಾರಿ. ಹೋಗಿಲ್ಲ ಅಂದ್ರೆ ಇನ್ನೊಂದು ದಾರಿ. ಯಾವುದು ಅಂತ ತಿಳೀದೆ ಮದ್ದು ಬದಲಾಯ್ಸಿದ್ರೆ ನಿನ್ನ ಹಸು ಉಳಿಯಲ್ಲ."

"ಬಾಟ್ಲಾ? ತಿಪ್ಪೆಗೆ ಎಸ್ದೆ," ಎಂದರು ದೊಡ್ಡಪ್ಪ.

ಅವಳು ಕೋಲು ಹಿಡಿದು ತಿಪ್ಪೆ ಕೆದಕಿದಳು. ಕೋಳಿಗಳು ತಮಗೇನೋ ಸಿಕ್ಕೀತೆಂದು ಜೊತೆಗೆ ಬಂದು ಕೆದಕಿದವು. ಮೇಡಂ ಬಿಸಾಡಿದ್ದ ಕೈಗವಸು ಸಿಕ್ಕಿತು. ಕಾಂಪೌಂಡರ್ ಚುಚ್ಚಿದ ಬಾಟಲಿಗಳು ಸಿಕ್ಕವು. ಅವುಗಳ ಜೊತೆಗೆ, ಅವಳಿಗೆ ಅರ್ಥವಾಗದಂತೆ, ಕೆಂಪು ನೀರಿನ ವಿಟಮಿನ್ ಬಾಟಲಿಯೊಂದು ಸಿಕ್ಕಿತು. ದೊಡ್ಡಪ್ಪನ ಕೈಯಿಂದ ಬಿದ್ದಿರಬೇಕಾದ ಪುಡಿ ಬಾಟಲಿ ಒಂದೂ ಇರಲಿಲ್ಲ.

ಸಗಣಿ ಕಾಲಿನಲ್ಲೇ ಹಿತ್ತಲು ಸುತ್ತಿ ಬಂದರೆ, ರೇಷ್ಮೆ ಹುಳು ಮನೆಯ ಜಗುಲಿಯಲ್ಲಿ ಅಜ್ಜಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತ ಕೂತಿದ್ದರು.

ಆ ಹುಳು ಮನೆ ದೊಡ್ಡಪ್ಪನ ದೇವಸ್ಥಾನ. ಹೊಸ್ತಿಲಲ್ಲಿ ಬ್ಲೀಚಿಂಗ್ ನೀರಿನ ಅಗಲ ತಟ್ಟೆ. ಕಾಲು ಅದ್ದದೆ ಒಳಗಡಿ ಇಡುವಂತಿಲ್ಲ. ಅದರಾಚೆ ಸುಣ್ಣದ ಗೆರೆ. ತಲೆಗೆ ಎಣ್ಣೆ ಹಚ್ಚಿದವರು ಬರುವಂತಿಲ್ಲ, ಊದುಬತ್ತಿ ಹಚ್ಚಿದ ಕೈಯಲ್ಲಿ ಸೊಪ್ಪು ಮುಟ್ಟುವಂತಿಲ್ಲ, ಆ ದಿಕ್ಕಿನ ಒಲೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಮುಟ್ಟಾದ ಹೆಣ್ಣುಮಕ್ಕಳು ಆ ಗೋಡೆಯ ನೆರಳಿಗೂ ಸುಳಿಯುವಂತಿಲ್ಲ. ಇದರ ಬಗ್ಗೆ ದೀಪಶ್ರೀ ಮಾಡಿದ್ದ ಜಗಳಗಳೇ ಬೇರೆ ಕತೆ. ಒಟ್ಟಿನಲ್ಲಿ ಈ ಬೆಳೆಯ ಹುಳು ಮೇಯುತ್ತಿದ್ದಷ್ಟು ದಿನ ಅವಳು ಅದರೊಳಗೆ ಕಾಲಿಟ್ಟಿರಲಿಲ್ಲ.

"ಅಳ್ಬ್ಯಾಡ ಕೂಸೆ," ಎಂದರು ಅಜ್ಜಿ. "ಅಸ ಇಂಗಾಯ್ತು. ಉಳನಾರ ಉಸಾರಾದ್ವಲ್ಲ, ಅಷ್ಟೇ ಸಮಾದಾನ. ಸಪ್ಪೆ ರೋಗ ಬಂದು ತಲೆ ಎತ್ಕಂಡು ನಿಂತ್ಬುಟ್ಟಿದ್ವು. ನಿಮ್ ದೊಡ್ಡಪ್ಪ ಸೊಪ್ಪಿಗೆ ಮದ್ದು ಚಿಮುಕ್ಸುದ್ಮೇಲೆ ಮೇಯ್ತಾ ಅವೆ."

"ಯಾವ ಮದ್ದಜ್ಜಿ?"

"ಬೆಳ್ಳಿದೇ ಕಣ. ಮಿಕ್ಕಿತ್ತಂತಲ್ಲ."

ಮಿಕ್ಕಿತ್ತಂತೆ! ನೆನ್ನೆಯ ಸಾರು ಮಿಕ್ಕುತ್ತದೆ, ಮದುವೆ ಮನೆಯ ಪಾಯಸ ಮಿಕ್ಕುತ್ತದೆ. ಹೊಟ್ಟೆ ಕುಯ್ಯಿಸಿಕೊಂಡ ಹಸುವಿಗೆಂದು ಡಾಕ್ಟರು ಅಳೆದು ಕೊಟ್ಟ ಮದ್ದು ಹೇಗೆ ಮಿಕ್ಕುತ್ತದೆ? ದೀಪಶ್ರೀ ಬ್ಲೀಚಿಂಗ್ ತಟ್ಟೆಯನ್ನು ದಾಟಿದಳು. ಸುಣ್ಣದ ಗೆರೆಯನ್ನು ತುಳಿದಳು. ಅಂತಸ್ತು ಅಂತಸ್ತಾಗಿ ಹಾಸಿದ ಸೊಪ್ಪಿನ ಮೇಲೆ ಸಾವಿರಾರು ಹುಳುಗಳು ಚರಚರನೆ ಮೇಯುತ್ತಿದ್ದವು. ಅಂಚಿನಲ್ಲಿ ಒಂದಿಷ್ಟು ಸತ್ತು ಕಪ್ಪಾಗಿ ಜೋತಿದ್ದವು. ಮೂಲೆಯ ಹಲಗೆಯಲ್ಲಿ ಸಿಂಪಡಿಸುವ ಪಂಪು. ಅದರ ಪಕ್ಕ ಬೆಳ್ಳಿಯ ಬಾಟಲಿಗಳು: ಮುಚ್ಚಳ ಕಿತ್ತು, ಒಳಗೆಲ್ಲ ತೊಳೆದು, ದೇವರ ಮುಂದಿನ ಲೋಟಗಳಂತೆ ಬೋರಲು ಹಾಕಿದ್ದವು.

"ಲೇ! ಕಾಲು! ಕಾಲು ತೊಳ್ಕಂಡ್ಯಾ?" ಬಾಗಿಲಲ್ಲಿ ದೊಡ್ಡಪ್ಪ ಕಿರುಚಿದರು.

"ಇಲ್ಲ."

"ಸಗಣಿ ಕಾಲಲ್ಲಿ ಉಳಿನ್ ಮನೆಗೆ ನುಗ್ಗಿದ್ದೀಯಲ್ಲೇ ಮೂದೇವಿ, ರೋಗ ಬಂದ್ರೆ ಏನ್ ಗತಿ?"

ಅವಳು ಬಾಟಲಿಗಳನ್ನು ದುಪ್ಪಟ್ಟದಲ್ಲಿ ಬಾಚಿಕೊಂಡು ಹೊರಗೆ ಬಂದು, ಎಲ್ಲರೆದುರು ಕೊಟ್ಟಿಗೆಯ ಬಾಗಿಲಲ್ಲಿ ಸುರಿದಳು. ಗಾಜು ಗಾಜಿಗೆ ತಾಗಿ ಟಣಟಣ ಎಂದಿತು. ಜನ ಬಗ್ಗಿ ನೋಡಿದರು.

"ಬೆಳ್ಳಿಗೆ ದಿನಾ ಆಕ್ತಿದ್ದದ್ದು ಏನು ದೊಡ್ಡಪ್ಪ?"

"ತಾಕತ್ತಿನ ಇಂಜೆಕ್ಸನ್ನು. ಕೆಂಪುದು." ಅವರು ಮೊದಲು ತಗ್ಗಿದ ದನಿಯಲ್ಲಿ ಹೇಳಿ, ಆಮೇಲೆ ಜನರನ್ನು ಕಂಡು ಏರಿಸಿದರು. "ಏಯ್, ನಾನೇನು ಕದ್ನಾ? ಗಾಯ ಒಣಗಿತ್ತು, ಅಸ ಮೇಯ್ತಿತ್ತು. ಸುಮ್ಸುಮ್ನೆ ಅದ್ರ ಮೈ ಯಾಕ್ ತೂತು ಮಾಡದು? ಇಲ್ಲಿ ಉಳ ನಾಕ್ನೇ ಜ್ವರ ಎದ್ದು, ಪೊರೆ ಕಳ್ಚಿ, ಸಾಯ್ತಾ ಇದ್ವು. ಅವೂ ಜೀವ ಅಲ್ವಾ? ಮನೆ ತುಂಬ ಉಳ ಒಂದ್ಕಡೆ, ಒಂದು ಅಸ ಒಂದ್ಕಡೆ. ನೀನೇ ಏಳು."

"ಜೀವ ಅಲ್ಲ ಅಂದ್ನಾ? ಉಳಿನ ಬಾಗ್ಲಲ್ಲಿ ಕಾಲು ತೊಳೀಬೇಕು, ತಲೆಗೆ ಎಣ್ಣೆ ಆಕ್ಬಾರ್ದು, ಒಂದು ಕ್ರಿಮಿ ನುಗ್ಗುದ್ರೆ ಬೆಳೆನೇ ಓಯ್ತದೆ ಅಂತೀರಿ. ಇಷ್ಟೆಲ್ಲಾ ಗೊತ್ತಿರ ನೀವು, ಅಂಗೈ ಅಗ್ಲ ಕುಯ್ದಿರ ಅಸೀನ ಒಟ್ಟೆಗೆ ಒಲೆ ಬೂದಿ ತಂದು ಮೆತ್ತಿದ್ದೀರಲ್ಲ! ಅಲ್ಲಿಗೆ ಕ್ರಿಮಿ ಬರಾಕೆ ನಿಮ್ಮಪ್ಪಣೆ ಬೇಕಾ? ಗಾಯ ಒಣಗಿದ್ದು ಮ್ಯಾಲೆ. ಒಳ್ಗೆ ನೋಡ್ದ್ರಾ?" ಅವಳು ಬೂದಿ ಮೆತ್ತಿದ ಗಾಯದತ್ತ ಕೈ ತೋರಿದಳು. "ಓಗ್ಲಿ, ಮದ್ದು ಆಕಿಲ್ಲ ಅಂತ ನಿಮ್ಗೆ ಗೊತ್ತಿತ್ತಲ್ಲ. ಮಹದೇವಪ್ರಸಾದ್ ಮಾಮ ಫೋಟೋ ತಗ್ದು ಮೇಡಮ್ಮೋರ ಎಸ್ರು ಕೆಡುಸ್ವಾಗ, ನೀವು ಅಲ್ಲೇ ಬಾಲ ಎತ್ತಿ ಇಡ್ಕಂಡು ನಿಂತಿದ್ರಿ. ಫೋಟೋದಲ್ಲಿ ನಿಮ್ ಕೈಯಿನ ಉಂಗ್ರ ಕಾಣ್ತದೆ!"

ದೊಡ್ಡಪ್ಪ ತಮ್ಮ ಬೆರಳನ್ನು ನೋಡಿಕೊಂಡರು. ಮಹದೇವಪ್ರಸಾದ್ ಎಲ್ಲಿಗೋ ತುರ್ತು ಕೆಲಸವಿರುವಂತೆ ಚಪ್ಪಲಿ ಹುಡುಕಿದರು.

ಆಗ ಗೋಡೆಯ ಬಳಿಯಿಂದ ಅಪ್ಪನ ದನಿ ಕೇಳಿತು. ಉದಯಕುಮಾರ್ ಅಣ್ಣನಿಗೆ ಬೆನ್ನು ತಿರುಗಿಸಿ ಫೋನಿನಲ್ಲಿದ್ದರು. "ಮುತ್ತಯ್ಯ, ನಾನು ಕಣಪ್ಪ, ಉದಯ. ಬರ್ಬ್ಯಾಡ. ಬ್ಯಾಡ ಅಂದ್ನಲ್ಲ. ಬಸ್ಸಲ್ಲಿದ್ದೀಯಾ? ಇಳ್ಕಂಡು ವಾಪಸ್ ಓಗು." ಅಷ್ಟು ಹೇಳಿ, ತಾನೇ ಬೆಚ್ಚಿದವರಂತೆ ಫೋನನ್ನು ಜೇಬಿಗೆ ತುರುಕಿದರು.

ದೀಪಶ್ರೀ ಬಾಟಲಿಗಳ ಫೋಟೋ ಕಳಿಸಿ, ಹುಳುವಿಗೆ ಸಿಂಪಡಿಸಿದ ಸಂಗತಿಯನ್ನೂ ಮೇಡಂಗೆ ತಿಳಿಸಿದಳು. ಪವಿತ್ರ ಮೇಡಂ ಬಂದಾಗ ಹೊತ್ತು ಇಳಿಯುತ್ತಿತ್ತು. ಸ್ಕೂಟರ್ ನಿಲ್ಲಿಸಿ, ಯಾರ ಮಾತನ್ನೂ ಕೇಳದೆ, ಮೊದಲು ಬೆಳ್ಳಿಯ ಪಕ್ಕ ಮಂಡಿಯೂರಿದರು. ಜ್ವರ ನೋಡಿದರು, ಕಿವಿಗೆ ನಳಿಗೆ ಹಾಕಿ ಹೊಟ್ಟೆಯ ಮೇಲೆ ಅಲ್ಲಲ್ಲಿ ಇಟ್ಟು ಬಹಳ ಹೊತ್ತು ಆಲಿಸಿದರು. ದೀಪಶ್ರೀ ಅವರ ಮುಖವನ್ನೇ ನೋಡುತ್ತಿದ್ದಳು.

"ಕೀವು ಚರ್ಮ, ಮಾಂಸದಲ್ಲಿದೆ. ಹೊಟ್ಟೆ ಒಳಗೆ ಇಳ್ದಿಲ್ಲ ಅನ್ಸುತ್ತೆ," ಎಂದರು ಕೊನೆಗೆ. "ಅನ್ಸುತ್ತೆ ಅಂದೆ, ಇಲ್ಲ ಅನ್ಲಿಲ್ಲ. ನಾಳೆ ಇಷ್ಟೊತ್ತಿಗೆ ಮೇವು ಮುಟ್ಟಿದ್ರೆ ಉಳೀತು ಅಂತ."

ಕೆಳಗಿನ ಹೊಲಿಗೆ ಬಿಡಿಸಿದೊಡನೆ ಕೀವು ಬಳಬಳನೆ ಇಳಿಯಿತು. ದೀಪಶ್ರೀ ಬಕೆಟ್ ಹಿಡಿದಳು, ಅಪ್ಪ ಕಾಲು ಹಿಡಿದರು. ಬೂದಿ ತೊಳೆದು, ಒಳಗೆ ಔಷಧಿ ನೀರು ಬಿಟ್ಟು ತೊಳೆದು, ಮತ್ತೆ ತೊಳೆದು, ಮೇಡಂ ಬೇರೆ ಬಾಟಲಿ ಒಡೆದು ಚುಚ್ಚಿದರು. ಕೈ ತೊಳೆಯುತ್ತ ದೊಡ್ಡಪ್ಪನ ಕಡೆ ತಿರುಗಿದರು.

"ಸ್ವಾಮಿಯೋರೆ, ಹುಳುವಿಗೆ ಎಷ್ಟು ಹಾಕಿದ್ರಿ?"

"ಅಂದಾಜು, ಮೇಡಮ್ಮೋರೆ."

"ಅಂದಾಜು! ಹುಳುವಿಗೆ ಎಷ್ಟು ಅಂತ ನನಗೇ ಗೊತ್ತಿಲ್ಲ, ಅದಕ್ಕೆ ಬೇರೆ ಇಲಾಖೆ ಇದೆ. ನಿಮಗೆ ಅಂದಾಜು ಸಿಕ್ತು. ಹಸುವಿಗೆ ಅರ್ಧ ಹಾಕಿ ನಿಲ್ಲಿಸಿದ್ರಿ. ಅರ್ಧ ಏಟು ತಿಂದು ಓಡಿಹೋದ ಕಳ್ಳ ಏನ್ಮಾಡ್ತಾನೆ ಹೇಳಿ? ಮುಂದಿನ ಸಲ ಅದೇ ದೊಣ್ಣೆಗೆ ಸಿಗಲ್ಲ. ಕ್ರಿಮಿನೂ ಹಂಗೇ. ಮೊದ್ಲಿನ ಮದ್ದು ಇನ್ನು ನಂಬೋ ಹಾಗಿಲ್ಲ, ಅದಕ್ಕೇ ದೊಡ್ಡದಕ್ಕೆ ಕೈ ಹಾಕ್ದೆ. ಇದಕ್ಕೂ ಅರ್ಧ ಏಟು ಕೊಟ್ರೆ ಆಮೇಲೆ ನನ್ನ ಚೀಲದಲ್ಲಿ ಬೇರೆ ದೊಣ್ಣೆ ಇಲ್ಲ."

ಹೊಸ ಬಾಟಲಿಗಳ ಪೆಟ್ಟಿಗೆ ಹೊರಬಂದಾಗ ದೊಡ್ಡಪ್ಪನ ಕೈ ಅಭ್ಯಾಸಬಲದಿಂದ ಮುಂದೆ ಚಾಚಿತು. ಮನೆಗೆ ಬಂದದ್ದೆಲ್ಲ ಮೊದಲು ಆ ಕೈಗೇ ಬಂದು ರೂಢಿ. ಮೇಡಂ ಪೆಟ್ಟಿಗೆ ಹಿಡಿದು ತಡೆದರು. ದೀಪಶ್ರೀ ನಡುವೆ ಕೈ ಹಾಕಿ ಇಸಿದುಕೊಂಡಳು.

"ನಿಂಗೆ ಚುಚ್ಚೋಕೆ ಬರುತ್ತಾ?" ಎಂದರು ಮೇಡಂ.

"ಬರಲ್ಲ. ಕಲಿಸಿ."

ಅವರು ಅಲ್ಲೇ ಕಲಿಸಿದರು. ನೀರು ಎಷ್ಟು ಬೆರೆಸಬೇಕು, ಹೇಗೆ ಅಲ್ಲಾಡಿಸಬೇಕು, ಕತ್ತಿನ ಯಾವ ಕಡೆ, ಸೂಜಿ ಒಮ್ಮೆ ಬಳಸಿದ್ದನ್ನು ಏನು ಮಾಡಬೇಕು. ಸಂಶಯ ಬಂದರೆ ವಿಡಿಯೋ ಕಾಲ್ ಮಾಡು ಎಂದರು. ಸ್ಕೂಟರ್ ಹತ್ತುವ ಮುನ್ನ, ಮಹದೇವಪ್ರಸಾದರ ಮನೆಯ ಕಡೆ ಒಮ್ಮೆ ನೋಡಿ, ಏನೋ ಹೇಳಬೇಕೆಂದುಕೊಂಡು, ಹೇಳದೆ ಹೋದರು. ಆ ಹೇಳದ ಮಾತೇ ದೀಪಶ್ರೀಗೆ ಮುಳ್ಳಾಯಿತು.

ಅವಳು ಜಗುಲಿಯಲ್ಲಿ ಕೂತು ಅದೇ ಬಾಟಲಿಗಳ ಫೋಟೋ ಹಾಕಿ ಡೈರಿಯ ಗುಂಪಿಗೆ ಟೈಪ್ ಮಾಡತೊಡಗಿದಳು. ದೊಡ್ಡಪ್ಪ ಮೆಲ್ಲನೆ ಬಂದು ಪಕ್ಕದಲ್ಲಿ ಕೂತರು.

"ಕೂಸೆ, ಮನೆ ಮಾತು ಮನೇಲಿರ್ಲಿ. ಮಹದೇವಪ್ರಸಾದ್‌ಗೆ ಏಳಿ ಆ ಫೋಟೋ ಡಿಲೀಟ್ ಮಾಡುಸ್ತೀನಿ."

"ಊರೆಲ್ಲಾ ನೋಡಾದ್ಮೇಲೆ ಡಿಲೀಟ್ ಮಾಡುದ್ರೆ ಏನ್ ಬಂತು? ಮೇಡಮ್ಮೋರ ಮಾತು ಬೀದೀಲಿ ತಿರುಗ್ವಾಗ ಮನೆ ಗೆಪ್ತಿ ಬರ್ಲಿಲ್ವಾ ದೊಡ್ಡಪ್ಪ?"

ಅವಳು ಕಳಿಸಿಬಿಟ್ಟಳು: 'ಬೆಳ್ಳಿಗೆ ಹಾಕಬೇಕಿದ್ದ ಮದ್ದನ್ನು ನಮ್ಮ ಮನೆಯವರೇ ರೇಷ್ಮೆ ಹುಳುವಿಗೆ ಸಿಂಪಡಿಸಿದ್ದಾರೆ. ಆಪರೇಷನ್ ಮಾಡಿದ ಡಾಕ್ಟರ ತಪ್ಪು ಏನೂ ಇಲ್ಲ.'

ಒಬ್ಬರು ಹೆಬ್ಬೆರಳು ಎತ್ತಿದರು. ಇನ್ನೊಬ್ಬರು ಅಳುವ ಗೊಂಬೆ ಹಾಕಿದರು. ಆಮೇಲೆ ಡೈರಿಯ ಹಿಂದಿನ ಬೀದಿಯ ಪುಟ್ಟಗೌರಮ್ಮನ ಸಂದೇಶ ಬಂತು: 'ಹುಳು ಸುಧಾರಿಸಿದವಾ? ನಮ್ಮವೂ ಸಪ್ಪೆಯಾಗಿವೆ. ಆ ಬಾಟ್ಲಿ ಹೆಸರು ಸ್ವಲ್ಪ ಕಾಣೋ ಹಾಗೆ ಫೋಟೋ ಹಾಕವ್ವ.'

ದೀಪಶ್ರೀ ಫೋನನ್ನು ಎಸೆಯಲು ಕೈಯೆತ್ತಿ, ಅದಕ್ಕಿನ್ನೂ ಕಂತು ಬಾಕಿಯಿರುವುದು ನೆನಪಾಗಿ ಇಳಿಸಿದಳು. ಬಾಟಲಿಯ ಹೆಸರು ಹಾಕಲಿಲ್ಲ. ಪುಟ್ಟಗೌರಮ್ಮನಿಗೆ ನೇರವಾಗಿ ಫೋನ್ ಮಾಡಿ ಅರ್ಧ ಗಂಟೆ ಬೈದಳು.

ಮರುದಿನ ಕಾಲೇಜಿಗೆ ಹೋಗಲಿಲ್ಲ. ಬೆಳಗ್ಗೆ ಹಾಕಿದ ಹುಲ್ಲು ಹಾಗೇ ಇತ್ತು. ಮಧ್ಯಾಹ್ನದ ಹುಲ್ಲೂ ಹಾಗೇ. ಸಂಜೆ ಅವಳು ಹಸಿ ಜೋಳದ ಗರಿಯನ್ನು ಕೈಯಲ್ಲಿ ಹಿಡಿದು ಬೆಳ್ಳಿಯ ಮೂತಿಯ ಬಳಿ ಕೂತೇ ಇದ್ದಳು. ಕೈ ಜೋಮು ಹಿಡಿಯಿತು. ಬೆಳ್ಳಿ ಮೂಸಿತು, ಮುಖ ತಿರುಗಿಸಿತು, ಮತ್ತೆ ಮೂಸಿತು. ಆಮೇಲೆ ನಾಲಿಗೆ ಚಾಚಿ ಗರಿಯ ತುದಿಯನ್ನು ಎಳೆದುಕೊಂಡಿತು. ದೀಪಶ್ರೀ ಕೂಗಿದ ಕೂಗಿಗೆ ಅಜ್ಜಿ ಸೌಟು ಹಿಡಿದೇ ಓಡಿಬಂದರು.

ಅಲ್ಲಿಂದಾಚೆಗೆ ಮದ್ದಿನ ಪೆಟ್ಟಿಗೆ ಅವಳ ಬಟ್ಟೆಯ ಟ್ರಂಕಿನೊಳಗೆ ಬೀಗದಲ್ಲಿತ್ತು. ಊತ ಇಳಿಯಿತು, ಕೀವು ನಿಂತಿತು, ಬೆಳ್ಳಿ ಎದ್ದು ನಿಂತು ಕರುವನ್ನು ನೆಕ್ಕತೊಡಗಿತು. ಹುಳುಗಳಲ್ಲಿ ಅರ್ಧ ಸತ್ತವು, ಅರ್ಧ ಹಣ್ಣಾಗಿ ಗೂಡು ಕಟ್ಟಿದವು. ಸತ್ತವು ಸಗಣಿ ಕಾಲಿನಿಂದ ಸತ್ತವೆಂದು ದೊಡ್ಡಪ್ಪ ಊರಿಗೆ ಹೇಳಿದರು. ಅವಳು ಅವರ ಜೊತೆ ಮಾತು ಬಿಟ್ಟಳು.

ಕೊನೆಯ ಬಾಟಲಿಯ ದಿನ ಅವಳು ಸೂಜಿ ತುಂಬಿಕೊಂಡು ಕೊಟ್ಟಿಗೆಗೆ ಬಂದರೆ, ಬೆಳ್ಳಿ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ದೊಡ್ಡಪ್ಪ ಕಂಬಕ್ಕೊರಗಿ ನಿಂತಿದ್ದರು.

"ಪೂರ್ತಿ ವಾಸಿಯಾಗದೆ. ಇನ್ನೂ ಆಕ್ಬೇಕಾ?" ಎಂದರು.

ಅವಳು ಬರೀ ದಿಟ್ಟಿಸಿ ನೋಡಿದಳು.

ದೊಡ್ಡಪ್ಪ ತಲೆ ಕೆರೆದುಕೊಂಡರು. ಮೂಲೆಯ ಬಕೆಟ್ಟಿಗೆ ಹೋಗಿ ಕೈ ತೊಳೆದರು, ಒಂದು ಗಳಿಗೆ ಯೋಚಿಸಿ ಕಾಲೂ ತೊಳೆದರು. ಆಮೇಲೆ ಬಂದು ಬೆಳ್ಳಿಯ ಮೂಗುದಾರ ಹಿಡಿದು, ತಲೆಯನ್ನು ಎದೆಗೊತ್ತಿಕೊಂಡರು.

"ಗಟ್ಟಿಯಾಗಿ ಇಡ್ಕಂಡಿವ್ನಿ," ಎಂದರು. "ಆಕು."